ಷರಾ

ಬಾಟಲಿಯನ್ನು ಮೂರು ಸಲ ಕೆರೆಯ ನೀರಲ್ಲೇ ತೊಳೆಯಬೇಕು,
ನಾಲ್ಕನೆಯದು ಲೆಕ್ಕಕ್ಕೆ.
ಮೊಣಕೈವರೆಗೆ ಮುಳುಗಿಸಿ, ನೀರೊಳಗೇ ಮುಚ್ಚಳ ತಿರುಗಿಸಿ;
ಒಂದು ಗುಳ್ಳೆಯೂ ಉಳಿಯಕೂಡದು.
ಹನ್ನೊಂದು ವರ್ಷವಾಯಿತು ಈ ಅಡಿರಾಂಡಾಕ್ ಬೆಟ್ಟಕ್ಕೆ ಬಂದು,
ಏಪ್ರಿಲ್ ನೀರಿಗೆ ಕೈ ಇನ್ನೂ ಬೈಯುತ್ತದೆ.

ದೋಣಿ ಓರಿನ್ ಲಾಪ್ಲಾಂಟ್‌ನದು.
ಹಿಮ ಬಾಚುವ ಲಾರಿ ಓಡಿಸಿ ನಿವೃತ್ತನಾದವನು, ಮಾತು ಕಮ್ಮಿ.
ಹುಟ್ಟು ಎತ್ತಿ ಹಿಡಿದು ಕಾಯುತ್ತಾನೆ,
ತೊಟ್ಟಿಕ್ಕುವ ಹನಿ ನಾನು ಎಣಿಸುತ್ತೇನೆ.

ಮೊದಲ ವರ್ಷ ಬಗ್ಗಿ ನೋಡಿದಾಗ
ಇಪ್ಪತ್ತಡಿ ಆಳದ ಕಲ್ಲೂ ಅಂಗೈ ಮೇಲಿದ್ದಂತೆ.
ಎಷ್ಟು ತಿಳಿ! ಅಂದೆ.
‘ಸತ್ತಿದೆ’ ಅಂದ ಓರಿನ್. ‘ಅದಕ್ಕೇ ತಿಳಿ.’
ಆ ಬೇಸಿಗೆಯಿಡೀ ಅವನು ಆಡಿದ್ದು ಅಷ್ಟೇ ಅನ್ನಿಸುತ್ತದೆ.

ನಾನೆಲ್ಲಿಯವಳೆಂದು ಅವನು ಕೇಳಿಲ್ಲ.
ಓಹಾಯೋ ನದಿಯ ದಂಡೆ, ಕಲ್ಲಿದ್ದಲು ಸುಡುವ ಸ್ಥಾವರ.
ಮಸಿ ಬೀಳುತ್ತದೆಂದು ನಮ್ಮೂರ ಹೆಂಗಸರು
ಒಗೆದ ಬಟ್ಟೆಯ ಸಮೇತ ಹೋಗಿ ದೂರಿದಾಗ
ಚಿಮಣಿಯನ್ನು ಇನ್ನೂ ಎತ್ತರ ಕಟ್ಟಿದರು.
ಹಗ್ಗದ ಮೇಲಿನ ಬಟ್ಟೆ ಬೆಳ್ಳಗಾಯಿತು.
ಹೊಗೆ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ;
ಹೋಯಿತಲ್ಲ, ಸಾಕು.
ಅಪ್ಪ ಅಲ್ಲಿ ಫಿಟ್ಟರ್. ಆ ಸಂಬಳದಲ್ಲೇ
ನನ್ನ ವಕ್ರ ಹಲ್ಲಿಗೆ ತಂತಿ ಕಟ್ಟಿಸಿದ್ದು.
ಐನೂರು ಮೈಲಿ ಆಚೆ ಯಾರದೋ ಹಾಲಿಗೆ ಹಿಂಡಿದ ಹುಳಿಗೂ
ಶಾಲೆಯ ಫೋಟೋದಲ್ಲಿ ನಾನು ನಕ್ಕ ನಗುವಿಗೂ
ಖರ್ಚು ಒಂದೇ ಖಾತೆಯದು.

ಐದು ಬಿಂದು ಒಂದು. ಐದು ಬಿಂದು ಒಂದು. ಐದು.
ಅಡುಗೆಮನೆಯ ಮೇಜಿನ ಮೇಲೆ ಮೀಟರು ಹೇಳಿದ್ದನ್ನೇ ಬರೆದೆ.
ಐದರಿಂದ ಆರಕ್ಕೆ ಒಂದು ಮೆಟ್ಟಿಲು ಅಂದುಕೊಂಡಿದ್ದೆ.
ಪ್ರಯೋಗಾಲಯದ ಹುಡುಗಿ ಫೋನಿನಲ್ಲಿ ನಕ್ಕಳು:
ಈ ಏಣಿಯಲ್ಲಿ ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು, ಮೇಡಂ.

ಈ ವರ್ಷ ಐದು ಬಿಂದು ಎಂಟು.
ನೀರು ಕಂದು ತಿರುಗಿದೆ, ತೆಳು ಡಿಕಾಕ್ಷನ್ನಿನ ಬಣ್ಣ.
ಬೇಸಿಗೆ ಮನೆಗಳವರು ಅರ್ಜಿ ಕಳಿಸಿದ್ದಾರೆ, ಹದಿನಾಲ್ಕು ಸಹಿ:
ನಮ್ಮ ಕೆರೆ ಕೊಳೆಯಾಗುತ್ತಿದೆ, ಏನಾದರೂ ಮಾಡಿ.
ಮಣ್ಣು ಮತ್ತೆ ಎಲೆ ಕೊಳೆಸಿ ಕಳಿಸುತ್ತಿದೆ,
ಕಾಯಿಲೆ ಬಿದ್ದವರ ಮುಖಕ್ಕೆ ರಕ್ತ ಬಂದ ಹಾಗೆ ಇದು,
ಎಂದು ಬರೆದು, ಹೊಡೆದುಹಾಕಿ,
ಅಂಕಿ ಮಾತ್ರ ಕಳಿಸಿದೆ.

ನಿನ್ನೆ ಓರಿನ್ ತೊರೆಯ ಬಾಯಲ್ಲಿ ಕಲ್ಲೊಂದನ್ನು ಮಗುಚಿದ.
ಮೂರು ಬಾಲದ, ಉಗುರಿನಷ್ಟು ಹುಳು
ಬೆಳಕಿಗೆ ಗಾಬರಿಯಾಗಿ ಅಂಚಿಗೆ ಓಡಿತು.
ಕಲ್ಲನ್ನು ಇದ್ದ ಹಾಗೇ, ಇದ್ದ ಮಗ್ಗುಲಿಗೇ ಇಟ್ಟ.
ಮೀನಿಲ್ಲ ಇನ್ನೂ.

ನಮೂನೆಯ ಕೊನೆಗೆ ಷರಾ ಎಂದೊಂದು ಕಾಲಂ ಇದೆ,
ಎರಡು ಬೆರಳಿನಗಲ.
ಬರೆದೆ: ಹುಳು, ಒಂದು.
ಗಾಳಿ, ಪಶ್ಚಿಮದಿಂದ.