ಏಳನೆಯವರ ಮೀನಖಂಡ

ಹೆಸರು ಬರೆಯುವ ಹಾಗಿಲ್ಲ, ಸಮಿತಿಯ ಕಟ್ಟಳೆ.
ಆದ್ದರಿಂದ ಏಳನೆಯವರು: ಹೆಣ್ಣು, ನಲವತ್ತನಾಲ್ಕು,
ಬಿಎಂಟಿಸಿ ಕಂಡಕ್ಟರು, ಯಶವಂತಪುರ ಡಿಪೋ.
ಡ್ಯೂಟಿ ಮುಗಿಸಿ ಬಂದು, ಖಾಕಿ ಪೈಜಾಮ ಮೊಣಕಾಲಿಗೆ ಸೇರಿಸಿ,
ಬಲ ಅಳೆಯುವ ಹಲಗೆಯ ಮೇಲೆ ಹತ್ತಿ ನಿಂತು,
"ಹತ್ತೊಂಬತ್ತು ವರ್ಷದಿಂದ ಕೂಗ್ತಾನೇ ಇದೀನಿ,
ಟಾಟಾ ಇನ್‌ಸ್ಟಿಟ್ಯೂಟ್, ಯಾರ್ರೀ ಇಳ್ಯೋರು ಅಂತ.
ಒಳಗೆ ಬಂದಿದ್ದು ಇವತ್ತೇ ನೋಡಮ್ಮ" ಅಂದರು.

ಜೆಲ್ಲು ತಣ್ಣಗಿರುತ್ತೆ, ಕ್ಷಮಿಸಿ ಅಂದೆ.
"ಲೋಳೆಸರ ಇದ್ದಂಗಿದೆ, ಹಚ್ಚು."

ಇಂಗ್ಲಿಷಿನಲ್ಲಿ ಈ ಜಾಗಕ್ಕೆ ಕರುವಿನ ಹೆಸರು,
ವೈದ್ಯರ ಪುಸ್ತಕದಲ್ಲಿ ಕಾಲಿನ ಹೊಟ್ಟೆ.
ಪರದೆಯ ಮೇಲೆ ಕಂಡದ್ದು ನಮ್ಮವರು ಹೇಳಿದ ಮೀನೇ:
ಕಪ್ಪು ನೀರು, ಓರೆ ಓರೆ ಬಿಳಿ ಮುಳ್ಳು,
ನಿಂತಲ್ಲೇ ಮಿಸುಕುವ ಒಂದು ಪಕ್ಕೆ.

ಸೆಕೆಂಡಿಗೆ ಎಂಬತ್ತು ಚಿತ್ರ.
ಒಂದೊಂದರಲ್ಲೂ ಮುಳ್ಳಿನ ಓರೆಗೆ ಕೈಯಾರೆ ಗೆರೆ ಎಳೆಯುತ್ತೇನೆ.
ಹದಿನೇಳು ಡಿಗ್ರಿ, ಹದಿನೇಳೂವರೆ, ಹತ್ತೊಂಬತ್ತು,
ಮೆಸ್ಸು ಮುಚ್ಚುವ ತನಕ, ಆಮೇಲೂ.

ಮೈ ಮುಂದಕ್ಕೆ ವಾಲಿದರೆ ಸ್ನಾಯು ಉದ್ದವಾಗಬೇಕು.
ಆಗಲಿಲ್ಲ. ಗಿಡ್ಡವಾಯಿತು.
ಮೂರು ವಾರ ನನ್ನ ಕೋಡನ್ನೇ ಬೈದೆ,
ಪ್ಲಸ್ಸು ಎಲ್ಲೋ ಮೈನಸ್ಸಾಗಿದೆ ಎಂದು ಸಾಲು ಸಾಲು ತಡಕಿದೆ.
ಗೈಡು ಸಕ್ಕರೆ ಇಲ್ಲದ ಕಾಫಿ ಹೀರಿದರು:
"ತಪ್ಪಿಲ್ಲ, ಇಂಚರಾ. ಹಿಮ್ಮಡಿಯ ಹುರಿ ಸ್ಪ್ರಿಂಗಿನಂತೆ ಹಿಗ್ಗುತ್ತೆ,
ಬೀಳುವ ಮುಂಚೆ ಸ್ನಾಯು ಅದನ್ನು ಜಗ್ಗಿ ಹಿಡಿಯುತ್ತೆ.
ಹಳೇ ಸಂಗತಿ. ಓದಿಲ್ಲವಾ?"
ಓದಿರಲಿಲ್ಲ.
ಏಳನೆಯವರೂ ಓದಿರಲಿಲ್ಲ. ನವರಂಗ್ ತಿರುವಿನಲ್ಲಿ
ಕಂಬಿ ಹಿಡಿಯದೆ ಟಿಕೆಟ್ ಹರಿಯುತ್ತಿದ್ದರು ಅಷ್ಟೆ.

ಅವತ್ತು ಮಾತಿಗೆ ಹೇಳಿದ್ದೆ, ಸುಮ್ಮನೆ ನಿಂತವರ ಕೆಲಸ
ಪಿಯುಸಿ ಲೆಕ್ಕದಲ್ಲಿ ಸೊನ್ನೆ:
ಬಲ ಎಷ್ಟಿದ್ದರೇನು, ಜಾಗ ಬದಲಾಗಲಿಲ್ಲವಲ್ಲ.
"ನಮ್ಮ ಡಿಪೋ ಮ್ಯಾನೇಜರ್‌ಗೆ ಹೇಳಿಬಿಟ್ಟೀಯ, ತಾಯಿ!"
ಬಿದ್ದು ಬಿದ್ದು ನಕ್ಕರು. ಬೀಳಲಿಲ್ಲ.
ನನ್ನ ಕೈಯ ಪ್ರೋಬು ಜಾರಿತು.

ನಾನೂರ ಹನ್ನೆರಡನೇ ಚಿತ್ರದಿಂದ ಐನೂರ ಮೂರರವರೆಗೆ
ಮೀನು ನೀರು ಕಲಕಿ ಎಲ್ಲಿಗೋ ಹೋಗಿ ಬಂದಿದೆ.
ಪ್ರಬಂಧದಲ್ಲಿ ಅದಕ್ಕೊಂದು ಅಡಿಟಿಪ್ಪಣಿ:
ಚಲನದೋಷ, ಕೈಬಿಡಲಾಗಿದೆ.

ಅಳಿಸಿಲ್ಲ.
ಒಂದು ಸೆಕೆಂಡು, ಮೇಲೆ ಚಿಲ್ಲರೆ.
ಟಿಕೆಟ್ಟಿನ ಬೆನ್ನಿಗೆ ಗೀಚಿ ಕೊಡುತ್ತಾರಲ್ಲ,
ಇಳಿಯುವಾಗ ಕೇಳಿ ಇಸ್ಕೊಳ್ಳಿ ಎಂದು,
ಹಾಗೆ ಇಟ್ಟುಕೊಂಡಿದ್ದೇನೆ.