ಗಂಟೆಗೆ ಹುಲ್ಲು

ಬಾಣಾವರದಲ್ಲಿ, ರೈಲುಕಂಬಿಗೆ ಇನ್ನೂರು ಮಾರು ಈಚೆ
ರೇವಣಾರಾಧ್ಯರ ಟೆಂಟು.
ನೆಲಕ್ಕೆ ನಾಲ್ಕಾಣೆ, ಬೆಂಚಿಗೆ ಎಂಟಾಣೆ.
ಹಿಂದೆ, ಡೇರೆಬಟ್ಟೆ ಸಾಲದೆ ಬಯಲಾಗೇ ಉಳಿದ ಕಡೆ
ಗಾಡಿಗೆ ಒಂದೂವರೆ ರೂಪಾಯಿ.
ಎಷ್ಟು ಜನ ಹತ್ತಿದ್ದರೂ ಸರಿ,
ನೊಗ ಕಳಚಿ, ಮೂಕಿಗೆ ಊರುಗೋಲು ಕೊಟ್ಟು
ಪರದೆಯ ಕಡೆ ಮುಖ ಮಾಡಿ ನಿಲ್ಲಿಸಬೇಕು.

ನನ್ನ ಕೆಲಸ ಎತ್ತುಗಳದ್ದು.
ಕೊರಳ ಗಂಟೆಗಳಿಗೆ ಹುಲ್ಲು ತುರುಕುವುದು.
ಇಲ್ಲದಿದ್ದರೆ ನಾಯಕ ಸಾಯುವ ಹೊತ್ತಿಗೆ ಸರಿಯಾಗಿ
ಕಣಕಟ್ಟೆಯ ಹೋರಿ ತಲೆ ಕೊಡವಿ ಝಣಝಣ ಅಂದು
ಅಳುತ್ತಿದ್ದ ಹೆಂಗಸರೆಲ್ಲ ನಕ್ಕುಬಿಡುತ್ತಿದ್ದರು.
ಜೋಡಿಗೆ ಐದು ಪೈಸೆ.
ಬೆಳಗಾದರೂ ಬೆರಳಲ್ಲಿ ಹಿತ್ತಾಳೆ ವಾಸನೆ.
ಕತ್ತಲಲ್ಲಿ ಗಂಟೆಯ ಬಾಯಿ ಸವರಿ
ಯಾವೂರ ಗಾಡಿ ಎಂದು ಹೇಳುತ್ತಿದ್ದೆ:
ಅಂಚು ಸೀಳಿದ್ದು ಕರಗುಂದದ್ದು,
ನಾಲಗೆಗೆ ತಂತಿ ಸುತ್ತಿದ್ದು ಜಾವಗಲ್ಲಿನದು.

ಒಂಬತ್ತೂ ಹತ್ತಕ್ಕೆ ಗೂಡ್ಸು.
ಅದರ ಬಾಯಿಗೆ ತುರುಕುವಷ್ಟು ಹುಲ್ಲು
ಯಾರ ಬಣವೆಯಲ್ಲೂ ಇರಲಿಲ್ಲ.

ಮೂರು ವಾರ ಒಂದೇ ಸಿನಿಮಾ ಓಡಿದ ಆ ಬೇಸಿಗೆ
ಬಾವಿಕಟ್ಟೆಯ ಮೇಲೆ ಅವಳು ನಿಲ್ಲುತ್ತಾಳೆ,
ಅವನು ಟ್ರಂಕು ಎತ್ತಿಕೊಳ್ಳುತ್ತಾನೆ,
ಅವಳ ತುಟಿ ಅಲ್ಲಾಡುತ್ತದೆ,
ಗೂಡ್ಸು ಬರುತ್ತದೆ.
ನಲವತ್ತೆಂಟು ಡಬ್ಬಿ.
ರೈಲು ಹೋಗುವಷ್ಟರಲ್ಲಿ ಅವಳಿಗೆ ಮದುವೆಯಾಗಿ,
ಬೇರೆ ಯಾರದೋ ಮಗುವಿಗೆ ಜಡೆ ಹಾಕುತ್ತಿರುತ್ತಾಳೆ.

ಏನಂದಳು?
ಗೇಟಿನಲ್ಲಿ ಕಡಲೆಕಾಯಿ ಅಳೆಯುತ್ತಿದ್ದ ಗಂಗಮಾಳಮ್ಮ,
‘ಹೋಗು ಅಂದ್ಲು, ಇನ್ನೇನಂತಾಳೆ’.
ಮಿಲ್ಲಿನ ಬಸವಲಿಂಗ, ‘ಇರು ಅಂದಳು’ ಎಂದು
ನೂರು ತೆಂಗಿನಕಾಯಿ ಪಂಥ ಕಟ್ಟಿದ.
ಮಾತೇ ಆಡದ ಅವನ ಹೆಂಡತಿ ಗಾಡಿಯೊಳಗಿಂದ,
‘ಬಾಗಿಲು ಮುಂದಕ್ಕೆ ಎಳ್ಕೊಂಡು ಹೋಗು ಅಂದಿರ್ತಾಳೆ’.
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕಾರ್ಬನ್ ಕಡ್ಡಿಯ ಮಸಿಯಲ್ಲಿ ನಿಂತ
ಆಪರೇಟರ್ ಖಲಂದರ್ ಸಾಬರನ್ನು ಬೇಡಿಕೊಂಡೆ:
ಒಂದೇ ಒಂದು ದಿನ ಐದು ನಿಮಿಷ ತಡವಾಗಿ ಶುರು ಮಾಡಿ.
‘ರೈಲಿಗೂ ಟಿಕೆಟ್ ಕೊಟ್ಟಿದೀನಿ, ಬಿಡೋ’ ಅಂದರು.
ಮಾರನೇ ದಿನ ತಡಮಾಡಿದರು.
ಅವತ್ತು ಗೂಡ್ಸೂ ಐದು ನಿಮಿಷ ತಡ.

ಟೆಂಟು ಹೇಗೆ ಹೋಯಿತು ಅಂತ ಕೇಳುತ್ತಾರೆ.
ಬಿರುಗಾಳಿಯಿಲ್ಲ, ಬೆಂಕಿಯಿಲ್ಲ.
ಒಂದು ರಾತ್ರಿ ಕೊಳಗುಂದದವರು ಟ್ರ್ಯಾಕ್ಟರಿನಲ್ಲಿ ಬಂದರು.
ಹಿಡಿ ಹುಲ್ಲು ಹಿಡಿದುಕೊಂಡು
ಅದರ ಸುತ್ತ ಒಂದು ಸುತ್ತು ಬಂದೆ.
ಎಲ್ಲಿ ತುರುಕಲಿ?

ಪರದೆಯನ್ನು ಆರಾಧ್ಯರ ಮಗಳು ಕಣದಲ್ಲಿ ಹಾಸಿ
ಹುರುಳಿ ಒಣಗಿಸಿದಳು.
ಎಷ್ಟು ಮಳೆ, ಎಷ್ಟು ಮದುವೆ, ಎಷ್ಟು ಕೊಲೆ ಬಿದ್ದ ಬಟ್ಟೆ,
ಒಂದು ಕಲೆಯೂ ಇರಲಿಲ್ಲ.
ಬರೀ ಬೆಳ್ಳಗೆ.

ಈಗ ಅಲ್ಲಿ ಲಾರಿ ತೂಕದ ಸೇತುವೆ.
ನಾನು ರಾತ್ರಿ ಪಾಳಿ, ಚೀಟಿ ಕೊಡುತ್ತೇನೆ.
ಕೊಬ್ಬರಿ ಲಾರಿಗಳು ಸಾಲಾಗಿ ಮುಖ ಮಾಡಿ ನಿಲ್ಲುತ್ತವೆ,
ಒಬ್ಬೊಬ್ಬ ಡ್ರೈವರನ ಮುಖದ ಮೇಲೂ
ಅಂಗೈಯಗಲ ಬೆಳಕು,
ಒಬ್ಬನ ಸಿನಿಮಾ ಇನ್ನೊಬ್ಬನಿಗೆ ಕೇಳುವುದಿಲ್ಲ.

ಆ ಸಿನಿಮಾ ಈಗ ಫೋನಿನಲ್ಲಿ ಸಿಗುತ್ತದಂತೆ.
ಬಸವಲಿಂಗನ ಮೊಮ್ಮಗ ಹುಡುಕಿ ಮುಂದೆ ಹಿಡಿದ.
ಬಾವಿಕಟ್ಟೆ ಬಂತು. ಟ್ರಂಕು ಬಂತು.
ಬೆರಳು ಅಡ್ಡ ಇಟ್ಟೆ.

ಸಾಕು, ತೂಕ ಹಾಕಪ್ಪ, ಅಂದೆ,
ಹಿಂದೆ ಗಾಡಿಗಳು ಕಾಯುತ್ತಿವೆ.