ಡಬ್ಬಿಗೆ ಬಾಯಿ ಬಂದದ್ದು

ಶೇಂಗಾ ಎಣ್ಣೆಯ ಖಾಲಿ ಡಬ್ಬಿ,
ಬಿಸಿಯೂಟದ ಈರಮ್ಮ ತೊಳೆದು ಕೊಟ್ಟಳು.
ಮುಚ್ಚಳಕ್ಕೆ ಉಳಿಯಿಟ್ಟು ಸೀಳು ಬಿಡಿಸಿದವನು
ತೆಕ್ಕಲಕೋಟೆಯ ಪಂಕ್ಚರ್ ಅಂಗಡಿ ಖಾಜಾ.
"ಏನಕ್ಕ, ಹುಂಡಿ ಏನು?" ಅಂದ.
"ಹೌದಪ್ಪ, ಕೇಳಾಕ ಆಗದ್ದನ್ನ ಹಾಕೋ ಹುಂಡಿ" ಅಂದೆ.
ದುಡ್ಡು ತಗೊಳ್ಳಲಿಲ್ಲ.

ಸೋಮವಾರ ಪ್ರೌಢಶಾಲೆಯಲ್ಲಿ ನನ್ನ ಪಾಳಿ.
ಅಂಗಳದಲ್ಲಿ ನೀಲಿ ಗುಳಿಗೆ ಹಂಚುತ್ತೇನೆ:
ನುಂಗು, ಬಾಯಿ ತೆರೆ, ನಾಲಿಗೆ ಎತ್ತು.
ಆದರೂ ಒಂಬತ್ತನೇ ಕ್ಲಾಸಿನ ಹುಡುಗಿಯರು
ಕೆನ್ನೆಯ ಸಂದಿಯಲ್ಲಿ ಅಡಗಿಸಿಕೊಂಡು ಹೋಗಿ
ಬೇವಿನ ಬುಡಕ್ಕೆ ಉಗುಳುತ್ತಾರೆ.
ಆರು ವರ್ಷದಲ್ಲಿ ಈ ಶಾಲೆಯಲ್ಲಿ
ಮೈಗೆ ರಕ್ತ ತುಂಬಿಕೊಂಡದ್ದು
ಆ ಮರ ಒಂದೇ.

ಉಗುರು ನೋಡುತ್ತೇನೆ. ಕೈ ತೊಳೆಯುವುದ ಕಲಿಸುತ್ತೇನೆ.
ಅದಕ್ಕೆ ಯಾರ ತಕರಾರೂ ಇಲ್ಲ.
ಮಣಿಕಟ್ಟಿನ ತನಕ ಮೈಯ ಬಗ್ಗೆ
ಎಷ್ಟು ಬೇಕಾದರೂ ಮಾತಾಡಬಹುದು.

ಅದರಾಚೆ ಹೋದ ದಿನ
ಲೆಕ್ಕದ ಗಾದಿಲಿಂಗಪ್ಪ ಮಾಸ್ತರು
ಬಾಗಿಲಲ್ಲಿ ನಿಂತು ಅಂಗೈಯ ಸುಣ್ಣ ಕೊಡವಿದರು:
"ಸಿಸ್ಟರ್, ಇದು ಸಾಲಿ, ದವಾಖಾನಿ ಅಲ್ಲ.
ಹುಡುಗರನ್ನ ಆಟಕ್ಕ ಬಿಡ್ತೀನಿ.
ಹೆಣ್ಣುಮಕ್ಕಳಿಗೆ ಏನು ಹೇಳೋದೈತೋ
ಮೆಲ್ಲಕ ಹೇಳಿ ಮುಗಸ್ರಿ."

ಹುಡುಗರು ಹೋದರು. ಚೆಂಡು ಒದೆಯಲಿಲ್ಲ.
ಕಿಟಕಿಯ ಕೆಳಗೆ ಸಾಲಾಗಿ ಕೂತರು.
ನನಗೆ ಕಾಣುತ್ತಿದ್ದದ್ದು ತಲೆಗೂದಲು ಮಾತ್ರ,
ಭತ್ತದ ಸಸಿ ಮಡಿಯ ಹಾಗೆ.
ನಾನು ದನಿ ಏರಿಸಿದೆ.

ಹದಿನೈದು ದಿನಕ್ಕೆ ಡಬ್ಬಿ ತುಂಬಿತು.
ಸಿರುಗುಪ್ಪದ ಬಸ್ಸಿನಲ್ಲಿ ಮಡಿಲಿಗೆ ಸುರುವಿಕೊಂಡೆ.
ಕಾಲುವೆ, ಗದ್ದೆ, ಅಕ್ಕಿ ಮಿಲ್ಲು ಹಿಂದೆ ಸರಿದವು.

'ಆ ದಿನ ಉಪ್ಪಿನಕಾಯಿ ಮುಟ್ಟಿದ್ರ ಕೆಡತೈತಂತ.
ನಾ ಮುಟ್ಟೀನಿ. ಕೆಟ್ಟಿಲ್ಲ. ಅವ್ವಗ ಹೇಳಿಲ್ಲ.'

'ಗುಟ್ಕಾ ತಿಂದ್ರ ಹಲ್ಲುನೋವು ಹೋಗತೈತಿ ಅಂತಾನ ಮಾವ.
ಅವಗ ಹಲ್ಲ ಇಲ್ಲ.'

'ನನ್ನ ದನಿ ಒಡದೈತಿ. ಪ್ರಾರ್ಥನಾ ಹೇಳಾಕ ನಾಚಿಕಿ.
ಯಾವಾಗ ರಿಪೇರಿ?'

ಏಳು ಮಡಿಕೆ ಮಡಿಚಿದ್ದೊಂದು: 'ಇದು ಜಡ್ಡೇನ್ರಿ?'
ಯಾವುದು ಅಂತ ಬರೆದಿಲ್ಲ. ನನಗೆ ತಿಳಿಯಿತು.

'ಬ್ಯಾಡ ಅಂದ್ರೂ ಮುಟ್ಟೋರಿಗೆ ಏನನ್ನಬೇಕು?'
ಇದಕ್ಕೆ ಸೋಮವಾರದ ತನಕ ಕಾಯಲಿಲ್ಲ,
ನಡುದಾರಿಯಲ್ಲೇ ಬಸ್ಸಿಳಿದು ತಿರುಗಿ ಹೋದೆ.
ಆ ಕತೆ ಆ ಹುಡುಗಿಯದು. ಇಲ್ಲಿ ಹೇಳುವುದಿಲ್ಲ.

ರಾತ್ರಿ, ಮನೆಯಲ್ಲಿ, ಡಬ್ಬಿಯ ತಳಕ್ಕೆ ಅಂಟಿದ್ದು ಇನ್ನೊಂದು.
ನೋಟ್‌ಬುಕ್ಕಿನ ಹಾಳೆಯಲ್ಲ, ಹಾಜರಿ ಪುಸ್ತಕದ ಅಂಚು.
ಎಡಗೈಯಲ್ಲಿ ಬರೆದ ಹಾಗೆ ಸೊಟ್ಟ ಅಕ್ಷರ,
ಶಾಯಿ ಮಾತ್ರ ಕೆಂಪು.
'ಹೆಂಡತಿ ಇಲ್ಲ. ಮಗಳಿಗೆ ಹನ್ನೊಂದು.
ಮೊದಲೇ ಹೇಳಬೇಕೇ?
ಯಾವ ಶಬ್ದದಿಂದ ಶುರು ಮಾಡಬೇಕು?'

ಆ ಶಾಲೆಯಲ್ಲಿ ಕೆಂಪು ಪೆನ್ನು
ಎಷ್ಟು ಜೇಬಿನಲ್ಲಿದೆ ಎಂದು ಯಾರೂ ಎಣಿಸಬೇಕಿಲ್ಲ.

ಮತ್ತೆ ಸೋಮವಾರ. ಮತ್ತೆ ಅದೇ ಬಾಗಿಲು, ಅವರೇ.
"ಈ ಸಲ ಹುಡುಗರೂ ಕೂತಿರಲಿ" ಎಂದೆ.
ಅವರು ಏನೂ ಅನ್ನಲಿಲ್ಲ. ಹೋಗಲೂ ಇಲ್ಲ.
ಉಪ್ಪಿನಕಾಯಿ, ಹಲ್ಲು, ದನಿ ಮುಗಿದ ಮೇಲೆ
ಕರಿಹಲಗೆಯ ಕಡೆ ತಿರುಗಿ ಹೇಳಿದೆ:
"ಮುಟ್ಟು. ಅದೇ ಶಬ್ದ. ಅದರಿಂದ ಶುರು ಮಾಡ್ರಿ,
ಅಡ್ಡಹೆಸರು ಇಡಬ್ಯಾಡ್ರಿ.
ಪ್ಯಾಡಿನ ಪೊಟ್ಟಣ ಆಕಿ ಕೈಗೆ ಎಟಕೋ ಕಡೆ ಇಡ್ರಿ.
ಅಂಜಬ್ಯಾಡ ಅಂತ ಆಕಿಗೆ ಹೇಳೋ ಮುಂಚೆ
ನೀವು ಒಂದು ಗ್ಲಾಸು ನೀರು ಕುಡೀರಿ."

"ಯಾರ್ ಕೇಳಿದ್ರು ಸಿಸ್ಟರ್?" ಹಿಂದಿನ ಬೆಂಚಿನ ಹುಸೇನಪ್ಪ.
"ಡಬ್ಬಿ ಕೇಳ್ತು" ಅಂದೆ.
ಕ್ಲಾಸು ನಕ್ಕಿತು.
ನಾನು ತಿರುಗಿದಾಗ ಮಾಸ್ತರು
ಪರೀಕ್ಷೆಯ ಹುಡುಗನ ಹಾಗೆ
ಅಂಗೈ ಮೇಲೆ ಏನೋ ಬರೆದುಕೊಳ್ಳುತ್ತಿದ್ದರು.

ಹೊರಡುವಾಗ ಬೇವಿನ ಬುಡ ನೋಡಿದೆ.
ಅವತ್ತೂ ಒಂಬತ್ತು ಗುಳಿಗೆ.